ಸಡಲ ಬಿಟ್ಟ ಎಳಿ

ತಲಿಗೆ ಪೆಟ್ಟು ಬಿದ್ದು ಐಸಿಯುದಾಗ ಇದ್ದು ಬದುಕಿದವರ ಬಗ್ಗೆ ನಮ್ಮ ದವಾಖಾನಿಯೊಳಗ ಒಂದು ಸಂಶೋಧನಾ ನಡದೈತಿ. ಆರು ತಿಂಗಳಾದ ಮ್ಯಾಲೆ ಅವರ ಮನಿಗೆ ಹೋಗಿ, ಪ್ರಶ್ನೆ ಕೇಳಿ, ಫಾರ್ಮ್ ತುಂಬೋದು ನನ್ನ ಕೆಲಸ.

ಹಂಗ ಇಳಕಲ್ಲಿನ ಒಬ್ಬ ನೇಕಾರರ ಮನಿಗೆ ಹೋಗಿದ್ದೆ. ಬೈಕಿನಿಂದ ಬಿದ್ದು ಹದಿನೈದು ದಿನ ಎಚ್ಚರಿಲ್ಲದ ಮಲಗಿದ್ದ ಮನಷ್ಯಾ ಮಗ್ಗದಾಗ ಕುಂತು ಸೀರಿ ನೇಯಾಕತ್ತಿದ್ರು. ನನಗ ಹಿಗ್ಗು ತಡಿಯಾಕ ಆಗಲಿಲ್ಲ.

"ಸಿಟ್ಟು ಮೊದಲಿಗಿಂತ ಹೆಚ್ಚಾಗೇತೇನ್ರಿ?" ಅಂತ ಅವರ ಹೆಂಡ್ತಿನ್ನ ಕೇಳಿದೆ. ಇಂಥಾ ಪೆಟ್ಟು ತಿಂದವರಿಗೆ ಭಾಳ ಸಲ ಮೂಗಿನ ತುದಿಮ್ಯಾಲೆ ಸಿಟ್ಟು ಇರತೈತಿ.

"ಈಗ ಸಿಟ್ಟ ಬರಂಗಿಲ್ರಿ."

"ಛಲೋ ಆತಲ್ರಿ!"

ಆಕಿ ನನ್ನ ಮಗ್ಗದ ಹತ್ರ ಕರಕೊಂಡು ಹೋಗಿ, ಸೀರಿ ಒಡಲಿನ ಎಳಿಗೆ ಸೆರಗಿನ ಎಳಿ ಕೂಡಿಸಿದ ಜಾಗಾ ತೋರಿಸಿದ್ಲು.

"ಇದನ್ನ ಕೂಡಸಾಕಿ ನಾನರಿ. ಮೊದಲ ಒಂದ ಎಳಿ ಸಡಲಾದ್ರೂ ಓಣಿಗೆಲ್ಲಾ ಕೇಳೂವಂಗ ಒದರತಿದ್ರು. ಈಗ ಪ್ರತಿ ಸೀರಿಗೂ ಬೇಕಂತನ ಒಂದೆರಡು ಎಳಿ ಸಡಲ ಬಿಡತೇನ್ರಿ. ನಕ್ಕೋಂತ ತಾವ ಬಿಗಿ ಮಾಡ್ಕೊಂತಾರ."

ಅವರು ತಲಿ ಎತ್ತಿ ಇಬ್ಬರಿಗೂ ಒಂದ ನಮೂನಿ ನಕ್ಕರು, ಬಾಜೂಮನಿಯವರನ್ನ ನೋಡಿ ನಕ್ಕಂಗ.

ಸಿಟ್ಟು ಇಲ್ಲ ಅಂದ್ರ ನಮ್ಮ ಫಾರ್ಮಿನ್ಯಾಗ ಸುಧಾರಿಸ್ಯಾರಂತ ಅರ್ಥ. ಹಂಗ ಬರಕೊಂಡೆ.

ನವನಗರದಾಗಿನ ನಮ್ಮ ಮನಿ ಮುಟ್ಟೋದ್ರಾಗ ತಡಾ ಆತು. "ಫೋನ್ ಎತ್ತಾಕ ಏನಾಗಿತ್ತು ನಿನಗ?" ಅಂತ ನಮ್ಮನಿಯವರು ಬಾಗಲದಾಗ ಚಾಲೂ ಮಾಡಿದ್ರು.

"ಬೈರಿ, ಇನ್ನೊಂದೀಟು ಬೈರಿ," ಅಂದೆ.

ಗಾಬರಿಯಾಗಿ ಸುಮ್ಮನಾಗಿಬಿಟ್ರು. ಇಷ್ಟು ವರ್ಷದಾಗ ಅವರು ಬೈಯೋದ್ರ ನಡುವ ಬಾಯಿ ಮುಚ್ಚಿದ್ದು ಅದೊಂದ ಸಲ, ಅದೂ ನನಗ ಬೈಸ್ಕೋಬೇಕು ಅನಿಸಿದ ದಿನ.