ಹೊಲಿಗೆ ಯಂತ್ರಕ್ಕೆ ಉಡಿ ತುಂಬಿದ ದಿನ

ಒಂಬತ್ತು ವರ್ಷ ತಾನು ನಡೆಸಿದ ಹೊಲಿಗೆ ಯಂತ್ರಕ್ಕೆ ಶರಣಮ್ಮಕ್ಕ ಕುಂಕುಮ ಹಚ್ಚಿ, ತವರಿನಿಂದ ಹೊರಟ ಮಗಳಿಗೆ ಉಡಿ ತುಂಬುವಂತೆ ಅದರ ಮುಂದೆ ಅಕ್ಕಿ, ಕೊಬ್ಬರಿ ಇಟ್ಟಳು. ಜಹೀರಾಬಾದಿನ ನಮ್ಮ ಕೈಗವಸು ಕಾರ್ಖಾನೆಯನ್ನು ಮಾಲೀಕರು ಯಂತ್ರಗಳ ಸಮೇತ ಹೊರದೇಶಕ್ಕೆ ಸಾಗಿಸುತ್ತಿದ್ದರು. ನಾನು ಪೆಟ್ಟಿಗೆಗಳನ್ನು ಎಣಿಸಿ ಬರೆಯುತ್ತಿದ್ದೆ. ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಧೂಳು ನಿಧಾನಕ್ಕೆ ತೇಲುತ್ತಿತ್ತು. ಯಂತ್ರಗಳೆಲ್ಲ ನಿಂತ ಮೇಲೂ ಅವುಗಳ ಸದ್ದು ಎಲ್ಲಿಂದಲೋ ಕೇಳಿದಂತಾಗುತ್ತಿತ್ತು.

“ಯಕ್ಕಾ, ಮಗಳಿಗಿ ಗಂಡನ ಮನಿಗಿ ಕಳಸಾಕತ್ತಿ ಏನು?” ಎಂದು ನಕ್ಕೆ.

“ಇದಕ್ಕ ಅಲ್ಲಿ ಹೋದ ದಿನಾನೇ ಕೆಲಸ ಅದ, ತಮ್ಮಾ. ಇದೇ ದೇಶದಾಗ ಉಳದೋರು ನಾವು. ಮುಂದ ನಿಮ್ಮ ಕೆಲಸ ಹೆಂಗಂತ ನಮ್ಮ ಸರಕಾರ ನಮಗ ಕೇಳಬ್ಯಾಡೇನು?” ಎಂದಳು.

ಅಂದು ಯಂತ್ರ ಮೂವತ್ತೆರಡು ಎಂದು ಡೈರಿಯಲ್ಲಿ ಬರೆದು, ಪಕ್ಕದಲ್ಲಿ ಅವು ಹೋಗುವ ಊರಿನ ಹೆಸರು ಬರೆದೆ. ಕೆಳಗೆ ನನ್ನನ್ನೂ ಸೇರಿಸಿ ಮಂದಿ ಮೂವತ್ತನಾಲ್ಕು ಎಂದು ಬರೆದೆ. ಅದರ ಪಕ್ಕ ಇನ್ನೂ ಖಾಲಿಯಿದೆ.