ಗೋಡೆ ತಿಂದ ಕಿರಣ

ನಮ್ಮ ಬೀದಿಯ ಸ್ಕ್ಯಾನ್ ಸೆಂಟರಿನ ಎಕ್ಸ್‌ರೇ ಕೋಣೆಗೆ ಒಬ್ಬನೇ ಚಕ್ರವರ್ತಿ. ಎಲ್ಲರೂ ಅವನನ್ನು ಉಸಿರಣ್ಣ ಎನ್ನುತ್ತಾರೆ. ‘ಉಸಿರು ಹಿಡ್ಕೊಳ್ಳಿ’ ಎಂದು ಅವನು ಅಪ್ಪಣೆ ಕೊಡಿಸಿದರೆ ಪೈಲ್ವಾನರೂ ಹಿಡಿಯುತ್ತಾರೆ. ‘ಬಿಡಿ’ ಎನ್ನುವವರೆಗೆ ಬಿಡುವ ಧೈರ್ಯ ಯಾರಿಗೂ ಇಲ್ಲ. ಇಂಥ ಪರಾಕ್ರಮಿ, ಸೆಂಟರಿಗೆ ಮಾನ್ಯತೆ ಕೊಡುವ ತಪಾಸಣೆ ಹತ್ತಿರ ಬಂದಾಗ, ಬೆಕ್ಕು ಕಂಡ ಇಲಿಯಾಗಿಬಿಟ್ಟ.

ಕಾರಣ ಒಂದು ಪುಟ್ಟ ಬ್ಯಾಡ್ಜ್. ಎಕ್ಸ್‌ರೇ ಕೆಲಸದವರು ಅದನ್ನು ಎದೆಗೆ ಸಿಕ್ಕಿಸಿಕೊಳ್ಳಬೇಕು. ಮೈಗೆ ಎಷ್ಟು ಕಿರಣ ತಾಗಿತೆಂದು ಅದು ತೋರಿಸುತ್ತದೆ. ಆಗಾಗ ಪರೀಕ್ಷೆಗೆ ಕಳಿಸುತ್ತಾರೆ. ಈ ಸಲ ಉಸಿರಣ್ಣನ ಬ್ಯಾಡ್ಜ್ ಮಿತಿಯ ಬೇಲಿ ಹಾರಿ ಎಲ್ಲಿಗೋ ಹೋಗಿತ್ತು.

‘ಇವತ್ತಿಂದ ಆ ಕೋಣೆಗೆ ಕಾಲಿಡ್ಬೇಡಿ,’ ಎಂದರು ಸೆಂಟರಿನ ಒಡತಿ ಡಾಕ್ಟರಮ್ಮ. ‘ತಪಾಸಣೆಯವರು ಮಷೀನು ಸೋರ್ತಿದೆ ಅಂದ್ಕೊಂಡ್ರೆ ಬಾಗಿಲು ಹಾಕಿಸ್ತಾರೆ. ನಿಮ್ಗೇನಾದ್ರೂ ತೊಂದ್ರೆ ಇದ್ಯಾ?’

ಅಲ್ಲಿಯವರೆಗೆ ಇರಲಿಲ್ಲ. ಆ ಕ್ಷಣದಿಂದ ಎಲ್ಲವೂ ಶುರುವಾಯಿತು. ಬಾಚಣಿಗೆಯಲ್ಲಿ ಕಂಡ ಕೂದಲನ್ನು ಒಂದೊಂದಾಗಿ ಎಣಿಸಿದ. ಕನ್ನಡಿಯಲ್ಲಿ ನಾಲಿಗೆ ನೇರಳೆಯಾಗಿದ್ದು ಕಂಡು ಕುಸಿದು ಕೂತ. ತಿಂದಿದ್ದು ಕಪ್ಪು ದ್ರಾಕ್ಷಿ ಎಂದು ಹೆಂಡತಿ ನೆನಪಿಸಬೇಕಾಯಿತು.

‘ಅಲ್ಲ, ಆ ಬ್ಯಾಡ್ಜು ನೀವು ಮನೆಗೆ ತರೋದೇ ಇಲ್ವಲ್ಲ,’ ಎಂದಳು ಅವಳು. ‘ಶರ್ಟಿನ ಜೊತೆ ಒಗೆದುಬಿಟ್ಟೆ ಅಂತ ಒಂದ್ಸಲ ಬೀದಿಗೆಲ್ಲ ಕೇಳೋ ಹಾಗೆ ಕೂಗಾಡಿದ್ರಿ. ಆಮೇಲಿಂದ ಎಲ್ಲಿಡ್ತೀರಿ?’

ಉಸಿರಣ್ಣನಿಗೆ ಆಗ ಹೊಳೆಯಿತು. ಅದನ್ನು ನೇತುಹಾಕುತ್ತಿದ್ದುದು ಎಕ್ಸ್‌ರೇ ಮೇಜಿನ ಪಕ್ಕದ ಗೋಡೆಯ ಮೊಳೆಗೆ. ಕಳೆದುಹೋದೀತೆಂಬ ಜಾಗ್ರತೆಯಿಂದ ಹಗಲೂ ಅಲ್ಲಿಂದ ತೆಗೆದಿರಲಿಲ್ಲ. ಅದರ ಯಜಮಾನ ಕಿರಣ ತಡೆಯುವ ಸೀಸದ ಗಾಜಿನ ಹಿಂದೆ ನಿಂತು ಗುಂಡಿ ಒತ್ತುತ್ತಿದ್ದಾಗ, ಬ್ಯಾಡ್ಜ್ ಮಾತ್ರ ಊರವರ ಮುರಿದ ಮೂಳೆಗಳ ಜೊತೆ ಸಾಲಾಗಿ ಕಿರಣ ಸೇವಿಸುತ್ತಿತ್ತು.

ಬದುಕಿದೆ ಎಂದು ನಗುವಷ್ಟರಲ್ಲಿ ಇನ್ನೊಂದು ಚಿಂತೆ ಹತ್ತಿತು. ಹೇಳಿದರೆ ನಿಯಮ ಮುರಿದವನಾಗುತ್ತಾನೆ, ಕೆಲಸ ಹೋದರೂ ಹೋಯಿತು. ಹೇಳದಿದ್ದರೆ ಪಾಪದ ಮಷೀನಿಗೆ ಅಪವಾದ, ಸೆಂಟರಿಗೆ ಬೀಗ.

ತಪಾಸಣೆಗೆ ಬಂದವರು ಮೆಲುದನಿಯ ಒಬ್ಬ ಹಿರಿಯರು. ಉಸಿರಣ್ಣ ಸೋತ ಸೇನಾಪತಿ ಕತ್ತಿ ಒಪ್ಪಿಸುವಂತೆ ಮೊಳೆ ತೋರಿಸಿ ಎಲ್ಲವನ್ನೂ ಹೇಳಿದ. ಡಾಕ್ಟರಮ್ಮ ಫ್ಯಾನಿನ ಕಡೆ ನೋಡುತ್ತಿದ್ದರು.

‘ಮಷೀನನ್ನ ಅಳೆದು ನೋಡಿದೀನಿ, ಸೋರ್ತಿಲ್ಲ,’ ಎಂದರು ಹಿರಿಯರು. ‘ಇದನ್ನ ಲೋಪ ಅಂತ ಬರ್ಕೊಳ್ತೀನಿ. ಸರಿಮಾಡಿ ತೋರ್ಸಿದ್ರೆ ಮಾನ್ಯತೆಗೆ ತೊಂದ್ರೆ ಆಗಲ್ಲ.’

ಉಸಿರಣ್ಣ ಕೈಮುಗಿದ.

‘ಅಂದ ಹಾಗೆ, ಎಕ್ಸ್‌ರೇ ತೆಗೆಯೋವಾಗ ಸಣ್ಣ ಮಕ್ಕಳು ಒದ್ದಾಡ್ತಾವಲ್ಲ, ಹಿಡ್ಕೊಳ್ಳೋದು ಯಾರು?’

‘ತಾಯಂದ್ರು ಹೆದರ್ತಾರೆ ಸಾರ್. ಎಷ್ಟೋ ಸಲ ನಾನೇ ಹಿಡ್ಕೊಂಡಿದೀನಿ.’

‘ಗೋಡೆಗೆ ಎಷ್ಟು ಬಿತ್ತು ಅಂತ ಗೊತ್ತಾಯ್ತು. ನಿಮಗೆಷ್ಟು ಬಿದ್ದಿದೆ?’

ಅದನ್ನು ಹೇಳಬಲ್ಲ ಒಂದೇ ಒಂದು ಸಾಕ್ಷಿ ಅಷ್ಟು ದಿನವೂ ಮೊಳೆಯಲ್ಲಿ ನೇತಾಡಿಕೊಂಡಿತ್ತು. ಹಿರಿಯರು ರಕ್ತ ಪರೀಕ್ಷೆ ಮಾಡಿಸಲು ಹೇಳಿದರು.

ಸಂಜೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ‘ಏನಾಯ್ತು?’

‘ಮಾನ್ಯತೆ ಸಿಗತ್ತಂತೆ ಕಣೇ.’

‘ನಾನು ಕೇಳಿದ್ದು ಅದಲ್ಲ,’ ಎಂದಳು. ಅವಳ ಕಣ್ಣು ಅವನ ತೋಳಿಗೆ ಅಂಟಿಸಿದ್ದ ಹತ್ತಿಯ ಮೇಲಿತ್ತು.