ಇಪ್ಪತ್ತೆಂದರೆ ಎಪ್ಪತ್ತೆರಡು

ಕೊತ್ತತ್ತಿಯ ಕಿರುನಾಲೆ ದಂಡೆಯ ಮೇಲೆ ಇನ್ನೂ ಮಂಜು ಕರಗಿಲ್ಲ. ಕಬ್ಬಿನ ಗಿರಣಿಯ ಪಂಪುಮನೆಯಲ್ಲಿ ಮರಿಸಿದ್ದಯ್ಯ ಪಂಚೆಯ ತುದಿಯಿಂದ ಎರಡು ಮಾಪಕಗಳ ಗಾಜು ಒರೆಸುತ್ತಾನೆ. ಹಳೆಯ ಪಂಪಿನ ಮುಳ್ಳು ಸೆಕೆಂಡಿಗೆ ಎಷ್ಟು ಲೀಟರು ನೀರೆಂದು ತೋರಿಸುತ್ತದೆ. ಹೊಸದರ ಮುಳ್ಳು ಗಂಟೆಗೆ ಎಷ್ಟು ಘನಮೀಟರೆಂದು. ಎರಡೂ ಹಡಗಿನಲ್ಲಿ ಬಂದವು, ಬೇರೆ ಬೇರೆ ದೇಶದವು. ಗಿರಣಿ ನಾಲೆಯಿಂದ ಎತ್ತಬಹುದಾದದ್ದು ಒಟ್ಟು ಗಂಟೆಗೆ ನೂರೆಂಬತ್ತು ಘನಮೀಟರು. ಅದನ್ನು ಮೀರಿದರೆ ನಾಲೆಯ ಕೊನೆಯ ಗದ್ದೆಗಳಿಗೆ ನೀರು ಮುಟ್ಟುವುದಿಲ್ಲ.

ಮರಿಸಿದ್ದಯ್ಯ ಪೂರಿಗಾಲಿಯವನು. ಮೂವತ್ತೊಂದನೇ ಇಸವಿಯಲ್ಲಿ ನಾಲೆ ತೋಡಲು ಬಂದು ಇಲ್ಲೇ ಉಳಿದ. ಮಂಡ್ಯದ ಸಂಜೆ ಶಾಲೆಗೆ ನಡೆದು ಹೋಗಿ ಲೆಕ್ಕ ಕಲಿತ. ದಿನಕ್ಕೆ ಹನ್ನೆರಡು ಗಂಟೆ ಕೆಲಸ, ಗಂಟೆಗೊಮ್ಮೆ ಮುಳ್ಳು ನೋಡಬೇಕು. ತನ್ನ ಲೆಕ್ಕದ ಮೇಲೆ ಅವನಿಗೇ ಅಷ್ಟು ನಂಬಿಕೆಯಿಲ್ಲ, ಒಂದನ್ನೇ ಮೂರು ಸಲ ತನಗೆ ತಾನೇ ಹೇಳಿಕೊಳ್ಳುತ್ತಾ ಮಾಡುತ್ತಾನೆ:

"ಲೀಟರ್ನ ನಾಕ್ಪಟ್ಟು ಮಾಡು. ಬಂದುದ್ರಲ್ಲಿ ಅತ್ತರಲ್ಲೊಂದು ಪಾಲು ಕಳಿ. ಇಪ್ಪತ್ತಕ್ಕೆ ಎಂಬತ್ತು, ಎಂಟು ಓಯ್ತು, ಎಪ್ಪತ್ತೆರಡು ಘನಮೀಟ್ರು."

ಈ ಬೆಳಿಗ್ಗೆ ಗಿರಣಿಯ ಹೊಸ ಗುಮಾಸ್ತ ಕಸ್ತೂರಿರಂಗ ಚೀಟಿ ಹಿಡಿದು ಬರುತ್ತಾನೆ. ಹಳೆಯದರ ಮುಳ್ಳು ಇಪ್ಪತ್ತರಲ್ಲಿದೆ, ಹೊಸದರದು ನೂರೆಂಟರಲ್ಲಿ. ಕೂಡಿ, ನೂರಿಪ್ಪತ್ತೆಂಟು ಎಂದು ಬರೆದುಕೊಳ್ಳುತ್ತಾನೆ.

"ಇನ್ನೂ ಐವತ್ತೆರಡು ಬಾಕಿ ಇದ್ಯಲ್ಲಯ್ಯ! ಹೊಸದನ್ನ ಇನ್ನಷ್ಟು ತಿರುಗಿಸು."

"ಈಗ್ಲೇ ನೂರೆಂಬತ್ತು ತುಂಬ್ಯದೆ ಸ್ವಾಮಿ."

"ನಾನು ಕೂಡಿದ್ದು ತಪ್ಪೇನು?"

"ಕೂಡಿದ್ದು ಸರಿ ಸ್ವಾಮಿ. ಕೂಡ್ಬಾರ್ದದ್ನ ಕೂಡೀರಿ."

ಕಸ್ತೂರಿರಂಗನ ಮುಖ ಕೆಂಪಾಗುತ್ತದೆ. "ಸಂಜೆ ಶಾಲೆ ಪಂಡಿತರು! ತಿರುಗಿಸ್ತೀಯೋ, ಕೆಲಸ ಬಿಡ್ತೀಯೋ?"

ಬಾಗಿಲಲ್ಲಿ ಕೊನೆ ಗದ್ದೆಯ ಮಹದೇವಮ್ಮ ಗುದ್ದಲಿ ಹಿಡಿದು ನಿಂತಿದ್ದಾಳೆ. "ತಿರುಗುಸ್ಬ್ಯಾಡ ಮರಿಸಿದ್ದಣ್ಣ. ನೆನ್ನೆ ನೆಟ್ಟ ಪೈರು ಕಣಣ್ಣ, ಇನ್ನೂ ಬೇರೇ ಇಡ್ದಿಲ್ಲ."

ಮರಿಸಿದ್ದಯ್ಯ ಮನಸ್ಸಿನಲ್ಲೇ ಇನ್ನೊಂದು ಸಲ ಲೆಕ್ಕ ಮಾಡುತ್ತಾನೆ. ಆಮೇಲೆ ಹಳೆಯ ಪಂಪಿನ ನೀರನ್ನು ಮೂಲೆಯ ಕಬ್ಬಿಣದ ತೊಟ್ಟಿಗೆ ಬಿಡುತ್ತಾನೆ. ಪಂಪು ಕೂರಿಸಿದಾಗ ಪರೀಕ್ಷೆಗೆಂದು ತಂದ ತೊಟ್ಟಿ ಅದು. ಉದ್ದ, ಅಗಲ, ಆಳ ಒಂದೊಂದು ಮೀಟರು, ತುಂಬಿದರೆ ಒಂದು ಘನಮೀಟರು.

"ಗಡಿಯಾರ ನೋಡ್ಕಳಿ ಸ್ವಾಮಿ."

ಐವತ್ತು ಸೆಕೆಂಡಿಗೆ ತೊಟ್ಟಿ ತುಂಬುತ್ತದೆ. ಕಸ್ತೂರಿರಂಗ ಚೀಟಿಯ ಹಿಂಬದಿಯಲ್ಲಿ ಭಾಗಿಸುತ್ತಾನೆ: ಗಂಟೆಗೆ ಎಪ್ಪತ್ತೆರಡು ತೊಟ್ಟಿ. ಅದಕ್ಕೆ ನೂರೆಂಟು ಕೂಡಿಸಿ, ನೂರೆಂಬತ್ತು ಎಂದು ಬರೆಯುತ್ತಾನೆ. ಚೀಟಿ ಮಡಚಿ ಜೇಬಿಗಿಡುತ್ತಾ, "ಯಜಮಾನರಿಗೆ ನಾನೇ ಹೇಳ್ತೀನಿ" ಎನ್ನುತ್ತಾನೆ.

ಮರಿಸಿದ್ದಯ್ಯ ಕೇಳಿಕೊಳ್ಳುವುದು ಒಂದೇ: ಲೀಟರನ್ನು ಘನಮೀಟರು ಮಾಡುವ ಲೆಕ್ಕವನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿಕೊಡಬೇಕು.

"ಗೋಡೆನೇ ಲೆಕ್ಕ ಯೇಳುದ್ರೆ ನಿನ್ನ ಯಾರಣ್ಣ ಕೆಲ್ಸುಕ್ಕೆ ಮಡಿಕತ್ತಾರೆ?" ಮಹದೇವಮ್ಮ ನಗುತ್ತಾಳೆ.

"ಮಡಿಕಳ್ದಿದ್ರೆ ಬುಡ್ಲಿ ಕಣವ್ವ. ನನ್ ಜಾಗುಕ್ಕೆ ಬರೋನು ನಿನ್ ಪೈರ ಒಣಗುಸ್ಬಾರ್ದು, ಅಷ್ಟೇಯ."